ಸಮಪಾಲು, ತಪ್ಪಿದ ಪಾಲು: ಹಾಸನದ ಹೊಲದಿಂದ ನೋಡಿದ ವರ್ಣತಂತುಗಳ ಹಂಚಿಕೆ

ಹಾಸನದ ಆಲೂಗಡ್ಡೆಯ ಜೀವಕೋಶವೊಂದರಲ್ಲಿ 48 ವರ್ಣತಂತುಗಳಿರುತ್ತವೆ. ಚನ್ನರಾಯಪಟ್ಟಣದ ಹೊಲದ ರಾಗಿಯಲ್ಲಿ 36, ಹೊಳೆನರಸೀಪುರದ ಗದ್ದೆಯ ಭತ್ತದಲ್ಲಿ 24, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹರಾಜು ಮಾರುಕಟ್ಟೆಗೆ ಬರುವ ಹೊಗೆಸೊಪ್ಪಿನಲ್ಲಿ ಮತ್ತೆ 48. ಹಿಪ್ಪುನೇರಳೆ ಸೊಪ್ಪು ತಿನ್ನುವ ರೇಷ್ಮೆಹುಳುವಿನಲ್ಲಿ 56. ಇವನ್ನೆಲ್ಲ ಬೆಳೆಯುವ, ಸಾಕುವ ಮನುಷ್ಯನಲ್ಲಿ 46. ಕೋಶ ಎರಡಾಗುವಾಗಲೆಲ್ಲ ಈ ಲೆಕ್ಕ ಒಂದೂ ಹೆಚ್ಚುಕಡಿಮೆಯಾಗದೆ ಎರಡೂ ಕಡೆಗೆ ಪೂರ್ತಿ ಸಲ್ಲಬೇಕು. ಮೊದಲು ಪ್ರತಿ ವರ್ಣತಂತುವಿಗೂ ಒಂದು ನಕಲು ತಯಾರಾಗುತ್ತದೆ. ಎರಡೂ ಅಂಟಿಕೊಂಡೇ ಇರುತ್ತವೆ. ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಎಲ್ಲ ಜೋಡಿಗಳೂ ಒಟ್ಟಿಗೆ ಬಿಟ್ಟುಕೊಂಡು ಎದುರುಬದುರು ದಿಕ್ಕಿಗೆ ಸರಿದುಹೋಗುತ್ತವೆ. ಎಳೆಯುವುದು ಯಾವುದು, ಎಲ್ಲಿ ಹಿಡಿದು ಎಳೆಯುತ್ತದೆ, ಬಿಡುವ ಗಳಿಗೆಯನ್ನು ಗೊತ್ತುಮಾಡುವುದು ಯಾವುದು ಎಂಬ ಮೂರು ಪ್ರಶ್ನೆಗಳ ಬೆನ್ನು ಹತ್ತಿ ಜೀವವಿಜ್ಞಾನ ಸುಮಾರು 140 ವರ್ಷ ಕಳೆದಿದೆ.

ಈ ಚರಿತ್ರೆಯನ್ನು ಯುರೋಪು, ಅಮೆರಿಕದ ಪ್ರಯೋಗಾಲಯಗಳ ಕಥೆಯಾಗಿ ಬರೆಯುವುದು ರೂಢಿ. ಹೆಚ್ಚಿನ ಕೆಲಸ ಅಲ್ಲೇ ನಡೆದಿದ್ದರಿಂದ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಾಸನ ಜಿಲ್ಲೆಯ ಬೆಳೆಗಳನ್ನು ಎದುರಿಗಿಟ್ಟುಕೊಂಡು ಅದನ್ನೇ ಓದಿದರೆ, ಪಠ್ಯಪುಸ್ತಕಗಳು ಒತ್ತಿ ಹೇಳದ ಎರಡು ಸಂಗತಿ ಎದ್ದು ಕಾಣುತ್ತವೆ. ನಾವು ಉಣ್ಣುವ, ಮಾರುವ ಹಲವು ಬೆಳೆಗಳು ಈ ಹಂಚಿಕೆ ಎಂದೋ ಒಮ್ಮೆ ಕೈಕೊಟ್ಟಿದ್ದರಿಂದಲೇ ಹುಟ್ಟಿದವು. ಹಂಚಿಕೆಯ ಸಲಕರಣೆ ಎಲ್ಲ ಜೀವಿಗಳಲ್ಲೂ ಒಂದೇ ಎಂದು ಬಹುಕಾಲ ನಂಬಿದ್ದೂ ಅರ್ಧ ಮಾತ್ರ ನಿಜ.

ಕಥೆ ಶುರುವಾಗುವುದು ಜರ್ಮನಿಯ ಕೀಲ್ ನಗರದಲ್ಲಿ. ವಾಲ್ಥರ್ ಫ್ಲೆಮಿಂಗ್ ಸಾಲಮಾಂಡರ್ ಮರಿಗಳ ಕೋಶಗಳಿಗೆ ಬಣ್ಣ ಹಾಕಿ, ದಾರದಂಥ ರಚನೆಗಳು ಉದ್ದಕ್ಕೆ ಸೀಳಿಕೊಂಡು ಎರಡು ಕಡೆಗೆ ಹೋಗುವುದನ್ನು ಗುರುತಿಸಿದ. ಮೈಟೋಸಿಸ್ ಎಂಬ ಹೆಸರಿಟ್ಟವನೂ ಅವನೇ. ಅವನ ಪುಸ್ತಕ 1882ರಲ್ಲಿ ಹೊರಬಂತು. ಮರುವರ್ಷ ಬೆಲ್ಜಿಯಂನ ಎಡ್ವರ್ಡ್ ವಾನ್ ಬೆನೆಡೆನ್, ಕುದುರೆಯ ಹೊಟ್ಟೆಯ ಜಂತುಹುಳುವಿನ ಮೊಟ್ಟೆಯಲ್ಲಿ ತಂದೆತಾಯಿಗಳ ಪಾಲು ಸರಿಸಮ ಇರುವುದನ್ನು ತೋರಿಸಿದ. ಆಗಿನ್ನೂ ಈ ದಾರಗಳು ಏತಕ್ಕೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಇಷ್ಟು ಕಟ್ಟುನಿಟ್ಟಾಗಿ ಹಂಚುತ್ತಿರಬೇಕಾದರೆ ಅದರಲ್ಲಿ ಬೆಲೆಯುಳ್ಳದ್ದು ಏನೋ ಇರಲೇಬೇಕು ಎಂಬ ಊಹೆ ಮಾತ್ರ ಇತ್ತು.

ಆ ಊಹೆಯನ್ನು ಪ್ರಯೋಗಕ್ಕೆ ಒಡ್ಡಿದವನು ಥಿಯೋಡೋರ್ ಬೊವೆರಿ. ಸಮುದ್ರದ ಮುಳ್ಳುಚೆಂಡು ಜೀವಿಯ ಒಂದೇ ಮೊಟ್ಟೆಗೆ ಎರಡು ವೀರ್ಯಾಣು ಸೇರುವಂತೆ ಮಾಡಿದರೆ ಹಂಚಿಕೆ ಎಕ್ಕುಟ್ಟಿಹೋಗುತ್ತದೆ. ಒಂದು ಕೋಶಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ವರ್ಣತಂತು ಸಿಗುತ್ತವೆ. ಹಾಗೆ ಹುಟ್ಟಿದ ಭ್ರೂಣಗಳು ಹೆಚ್ಚಾಗಿ ಸತ್ತವು; ಒಂದೊಂದೂ ಒಂದೊಂದು ರೀತಿ ಕೆಟ್ಟು ಸತ್ತವು. 1902ರಲ್ಲಿ ಅವನು ಹೇಳಿದ್ದು ಇಷ್ಟೇ: ಒಂದೊಂದು ವರ್ಣತಂತುವೂ ಬೇರೆ ಬೇರೆ ಗುಣ ಹೊತ್ತಿದೆ, ಎಲ್ಲವೂ ಇದ್ದರೆ ಮಾತ್ರ ಜೀವ ನೆಟ್ಟಗೆ ಬೆಳೆಯುತ್ತದೆ. ಅದೇ ಹೊತ್ತಿನಲ್ಲಿ ಅಮೆರಿಕದ ವಾಲ್ಟರ್ ಸಟನ್ ಮಿಡತೆಗಳನ್ನು ನೋಡಿ ಮೆಂಡೆಲನ ನಿಯಮಗಳನ್ನೂ ವರ್ಣತಂತುಗಳ ನಡೆಯನ್ನೂ ಒಂದಕ್ಕೊಂದು ಹೊಂದಿಸಿದ. 1916ರಲ್ಲಿ ಕ್ಯಾಲ್ವಿನ್ ಬ್ರಿಡ್ಜಸ್ ಹಣ್ಣಿನ ನೊಣದ ಎರಡು ಎಕ್ಸ್ ವರ್ಣತಂತುಗಳು ಬೇರ್ಪಡದೆ ಒಟ್ಟಿಗೆ ಒಂದೇ ಮೊಟ್ಟೆಗೆ ಹೋದಾಗ ಮರಿಗಳ ಕಣ್ಣಿನ ಬಣ್ಣ ಹೇಗೆ ಲೆಕ್ಕ ತಪ್ಪುತ್ತದೆ ಎಂಬುದನ್ನು ತೋರಿಸಿದ ಮೇಲೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಹಂಚಿಕೆ ಸರಿಯಾಗಿ ನಡೆದಾಗ ಕಾಣದ ಸತ್ಯ, ತಪ್ಪಿದಾಗ ಕಂಡಿತು. ಈ ಕ್ಷೇತ್ರದ ದೊಡ್ಡ ಶೋಧಗಳಲ್ಲಿ ಬಹುಪಾಲು ಹೀಗೇ ಬಂದಿವೆ.

ನಮ್ಮ ವಿದ್ಯಾರ್ಥಿಗಳಿಗೆ ಇದರ ಪರಿಚಯ ಆಗುವುದು ಈರುಳ್ಳಿಯ ಮೂಲಕ. ಹಾಸನದ ಯಾವುದೇ ಬಿ.ಎಸ್ಸಿ ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಶಾಲೆಗೆ ಹೋದರೂ ಇದೊಂದು ಪ್ರಾಕ್ಟಿಕಲ್ ತಪ್ಪುವುದಿಲ್ಲ. ಈರುಳ್ಳಿಯ ಬುಡದ ಒಣ ಬೇರನ್ನು ಕೆರೆದು, ನೀರು ತುಂಬಿದ ಬಾಟಲಿಯ ಬಾಯಿಗೆ ಕೂರಿಸಿ, ಎಳೆ ಬೇರು ಇಳಿದ ಮೇಲೆ ಬೆಳಗಿನ ಹೊತ್ತು ತುದಿ ಕತ್ತರಿಸುತ್ತಾರೆ. ಅಸಿಟಿಕ್ ಆಮ್ಲ ಬೆರೆಸಿದ ಆಲ್ಕೋಹಾಲಿನಲ್ಲಿ ನೆನೆಸಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮಿನ್ ಹನಿ ಹಾಕಿ, ಗಾಜಿನ ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ಒತ್ತುತ್ತಾರೆ. ಒತ್ತುವಾಗ ಬೆರಳು ಜಾರಿದರೆ ಮುಗಿಯಿತು, ಕೋಶಗಳೆಲ್ಲ ಮುದ್ದೆ. ಸರಿಯಾಗಿ ಒತ್ತಿದರೆ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಕೆಂಪು ಎಳೆಗಳು, ನಡುಗೆರೆಯಲ್ಲಿ ಸಾಲಾಗಿ ನಿಂತವು, ಎರಡು ಗುಂಪಾಗಿ ಸರಿಯುತ್ತಿರುವವು ಕಾಣುತ್ತವೆ. ಈರುಳ್ಳಿಯಲ್ಲಿ 16 ವರ್ಣತಂತು, ಅವೂ ದಪ್ಪ. ಅದಕ್ಕೇ ಅದು ಎಲ್ಲರ ಮೆಚ್ಚಿನ ವಸ್ತು. ರಾಗಿಯ ಬೇರನ್ನು ಇಟ್ಟರೆ ಮೇಷ್ಟ್ರಿಗೂ ಲೆಕ್ಕ ಸಿಗುವುದು ಕಷ್ಟ, ಅಷ್ಟು ಸಣ್ಣವು.

ಆದರೆ ಈ ಕೋಶಗಳು ಸತ್ತಿವೆ. ಅವುಗಳ ನಡುವೆ ಕಾಣುವ ಎಳೆಗಳು, ಅಂದರೆ ಎರಡು ತುದಿಗಳಿಂದ ಚಾಚಿ ವರ್ಣತಂತುಗಳಿಗೆ ಅಂಟುವ ಕದಿರೆಳೆಗಳು, ನಿಜವಾಗಿ ಇವೆಯೋ ಅಥವಾ ರಾಸಾಯನಿಕ ಹಾಕಿದ್ದರಿಂದ ಹೆಪ್ಪುಗಟ್ಟಿ ಮೂಡಿದವೋ ಎಂಬ ಜಗಳ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. 1953ರಲ್ಲಿ ಶಿನ್ಯ ಇನೌಎ ತಾನೇ ಸುಧಾರಿಸಿದ ಪೋಲರೈಸ್ಡ್ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಜೀವಂತ ಕೋಶಗಳ ಕದಿರೆಳೆಗಳನ್ನು ತೋರಿಸಿ ಅದನ್ನು ಮುಗಿಸಿದ.

ಎಳೆಗಳು ಯಾವುದರಿಂದ ಆದವು ಎಂಬುದು ತಿಳಿದದ್ದು ಒಂದು ವಿಷದಿಂದ. ಗೌರಿ ಹಬ್ಬದ ಹೊತ್ತಿಗೆ ಬೇಲಿಗಳ ಮೇಲೆ ಹಬ್ಬಿ ಕೆಂಪು ಹಳದಿ ಎಸಳು ಬಿಡುವ ಗೌರಿ ಹೂವಿನ ಬಳ್ಳಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದರ ಗೆಡ್ಡೆಯಲ್ಲೂ ಬೀಜದಲ್ಲೂ ಕೊಲ್ಚಿಸಿನ್ ಎಂಬ ವಿಷವಿದೆ. ಯುರೋಪಿನಲ್ಲಿ ಅದನ್ನು ಕೊಲ್ಚಿಕಮ್ ಗಿಡದಿಂದ ತೆಗೆಯುತ್ತಿದ್ದರು. ಇದು ಸೇರಿದ ಕೋಶದಲ್ಲಿ ವರ್ಣತಂತುಗಳು ಸಿದ್ಧವಾಗಿ ನಿಲ್ಲುತ್ತವೆ, ಎಳೆಯುವ ಎಳೆ ಮಾತ್ರ ಇರುವುದಿಲ್ಲ. 1937ರಲ್ಲಿ ಆಲ್ಬರ್ಟ್ ಬ್ಲೇಕ್ಸ್‌ಲಿ ಇದನ್ನು ಬಳಸಿ ಗಿಡಗಳ ವರ್ಣತಂತು ದುಪ್ಪಟ್ಟು ಮಾಡಬಹುದೆಂದು ತೋರಿಸಿದ. 1956ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟ್ಜಿಯೊ ಮತ್ತು ಆಲ್ಬರ್ಟ್ ಲೆವಾನ್ ಮನುಷ್ಯನ ವರ್ಣತಂತು 46 ಎಂದು ಎಣಿಸಿದ್ದೂ ಕೊಲ್ಚಿಸಿನ್ ಹಾಕಿ ಕೋಶಗಳನ್ನು ತಡೆಹಿಡಿದೇ. ಅದಕ್ಕೂ ಮೊದಲು ದಶಕಗಳ ಕಾಲ 48 ಎಂದೇ ಪುಸ್ತಕಗಳಲ್ಲಿ ಇತ್ತು. 1967ರಲ್ಲಿ ಗ್ಯಾರಿ ಬೊರಿಸಿ ಮತ್ತು ಎಡ್ವಿನ್ ಟೇಲರ್ ಈ ವಿಷ ಕೋಶದಲ್ಲಿ ಯಾವ ಪ್ರೋಟೀನಿಗೆ ಅಂಟುತ್ತದೆ ಎಂದು ಹುಡುಕಿ ಅದನ್ನು ಬೇರ್ಪಡಿಸಿದರು. ಅದೇ ಟ್ಯುಬುಲಿನ್. ಅದರ ಕಣಗಳು ಒಂದಕ್ಕೊಂದು ಜೋಡಿಕೊಂಡು ಸೂಕ್ಷ್ಮ ನಳಿಗೆಗಳಾಗುತ್ತವೆ, ಆ ನಳಿಗೆಗಳೇ ಕದಿರೆಳೆ. 1984ರಲ್ಲಿ ಟಿಮ್ ಮಿಚಿಸನ್ ಮತ್ತು ಮಾರ್ಕ್ ಕರ್ಶ್ನರ್, ಈ ನಳಿಗೆಗಳು ಸುಮ್ಮನೆ ನಿಲ್ಲದೆ ತುದಿಯಲ್ಲಿ ಬೆಳೆಯುತ್ತ, ಹಠಾತ್ತನೆ ಕುಸಿಯುತ್ತ ಇರುತ್ತವೆಂದು ತೋರಿಸಿದರು. ಕುಸಿಯುವ ತುದಿಯನ್ನು ಬಿಡದೆ ಹಿಡಿದುಕೊಂಡ ವರ್ಣತಂತು ತಾನೂ ಹಿಂದಕ್ಕೆ ಸರಿಯುತ್ತದೆ. ಎಳೆಯುವುದು ಯಾವುದು ಎಂಬ ಪ್ರಶ್ನೆಗೆ ಸಿಕ್ಕ ಉತ್ತರದ ಮುಖ್ಯ ಭಾಗ ಇದು.

ಟ್ಯುಬುಲಿನ್ ವಿಷ ನಮ್ಮ ರೈತರಿಗೆ ಗೊತ್ತಿಲ್ಲದ್ದೇನಲ್ಲ, ಹೆಸರು ಬೇರೆ ಅಷ್ಟೆ. ಅರಕಲಗೂಡಿನ ಗೊಬ್ಬರದಂಗಡಿಯಲ್ಲಿ ಬೀಜೋಪಚಾರಕ್ಕೆಂದು ಕೇಳುವ ಬಾವಿಸ್ಟಿನ್, ಅಂದರೆ ಕಾರ್ಬೆಂಡಜಿಮ್, ಶಿಲೀಂಧ್ರದ ಟ್ಯುಬುಲಿನ್ನಿಗೆ ಅಂಟಿ ಅದರ ಕೋಶ ವಿಭಜನೆಯನ್ನೇ ನಿಲ್ಲಿಸುತ್ತದೆ. ಆಲೂಗಡ್ಡೆಯ ಅಂಗಮಾರಿಗೆ ಇದನ್ನು ಎಷ್ಟು ಸಿಂಪಡಿಸಿದರೂ ಪ್ರಯೋಜನವಿಲ್ಲ. ಅಂಗಮಾರಿ ತರುವ ಫೈಟಾಫ್ತೊರ ನಿಜವಾದ ಶಿಲೀಂಧ್ರ ಗುಂಪಿಗೆ ಸೇರಿದ್ದಲ್ಲ, ಅದಕ್ಕೆ ಈ ಔಷಧಿ ತಟ್ಟುವುದಿಲ್ಲ. ಕಳೆನಾಶಕಗಳಲ್ಲೂ ಪೆಂಡಿಮೆಥಾಲಿನ್ ಗುಂಪಿನವು ಗಿಡದ ಟ್ಯುಬುಲಿನ್ನಿಗೆ ಅಂಟಿ, ಮೊಳಕೆಯ ಬೇರಿನ ತುದಿಯಲ್ಲಿ ಹಂಚಿಕೆ ಕೆಡಿಸುತ್ತವೆ. ರಾಗಿ ಹೊಲದಲ್ಲಿ ರಾಗಿಯಂತೆಯೇ ಬೆರಳು ಚಾಚುವ ಕಳೆಹುಲ್ಲು ಎಲ್ಯುಸೀನ್ ಇಂಡಿಕ ಅಮೆರಿಕದ ಹತ್ತಿ ಹೊಲಗಳಲ್ಲಿ ಈ ಗುಂಪಿನ ಕಳೆನಾಶಕಕ್ಕೆ ಜಗ್ಗದೆ ನಿಂತಿತು. ಅದರ ಟ್ಯುಬುಲಿನ್ನಿನ ಒಂದೇ ಒಂದು ಅಮೈನೋ ಆಮ್ಲ ಬದಲಾದದ್ದೇ ಕಾರಣ ಎಂದು 1998ರಲ್ಲಿ ತಿಳಿಯಿತು. ಈ ಹುಲ್ಲಿನ ಹೆಸರು ಮುಂದೆಯೂ ಬರುತ್ತದೆ.

ಬಿಡುವ ಗಳಿಗೆಯ ಪ್ರಶ್ನೆ ಎಲ್ಲಕ್ಕಿಂತ ಸೊಗಸಾದದ್ದು ಎಂದು ನನ್ನ ಎಣಿಕೆ. ಅಮೆರಿಕದ ಬ್ರೂಸ್ ನಿಕ್ಲಸ್ ಜೀವಮಾನವಿಡೀ ಮಿಡತೆಗಳ ವೀರ್ಯಕೋಶದೊಳಗೆ ಅತಿಸೂಕ್ಷ್ಮ ಗಾಜಿನ ಸೂಜಿ ಇಳಿಸಿ, ವರ್ಣತಂತುಗಳನ್ನು ತಳ್ಳಿ, ಎಳೆದು, ತಿರುಗಿಸಿ ನೋಡಿದವನು. ಜೋಡಿಯ ಎರಡೂ ವರ್ಣತಂತುಗಳಿಗೆ ಒಂದೇ ತುದಿಯ ಎಳೆ ಅಂಟಿದರೆ ಆ ಹಿಡಿತ ನಿಲ್ಲುವುದಿಲ್ಲ, ಕಳಚಿಬೀಳುತ್ತದೆ. ಒಂದಕ್ಕೆ ಈ ತುದಿ, ಇನ್ನೊಂದಕ್ಕೆ ಆ ತುದಿ ಸಿಕ್ಕಿ ಹಗ್ಗಜಗ್ಗಾಟದ ಹಗ್ಗದ ಹಾಗೆ ಬಿಗಿಯಾದಾಗ ಮಾತ್ರ ಹಿಡಿತ ಗಟ್ಟಿ. ನಿಕ್ಲಸ್ ಮತ್ತು ಕೋಕ್ 1969ರಲ್ಲಿ ತಪ್ಪಾಗಿ ಅಂಟಿದ ಜೋಡಿಯೊಂದನ್ನು ಸೂಜಿಯಿಂದ ಎಳೆದು ಹಿಡಿದರು. ಬಿಗಿ ಬಂದೊಡನೆ ಆ ತಪ್ಪು ಹಿಡಿತವೂ ನಿಂತಿತು! ಅಂದರೆ ಕೋಶ ನೋಡುವುದು ಸರಿ ತಪ್ಪನ್ನಲ್ಲ, ಬಿಗಿಯನ್ನು. 1995ರಲ್ಲಿ ಲಿ ಮತ್ತು ನಿಕ್ಲಸ್ ಇದನ್ನೇ ಸೂರ್ಯನ ಕುದುರೆ ಕೀಟದಲ್ಲಿ ಮತ್ತೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಒಂದು ವರ್ಣತಂತು ಒಂಟಿಯಾಗಿ ಅಲೆಯುತ್ತಿದ್ದರೆ ಇಡೀ ಕೋಶ ಗಂಟೆಗಟ್ಟಲೆ ಕಾಯುತ್ತಿತ್ತು. ಸೂಜಿಯಿಂದ ಅದನ್ನು ಎಳೆದರೆ, ಎಲ್ಲ ಸರಿಯಾಯಿತೆಂದು ನಂಬಿ ಕೋಶ ಮುಂದುವರಿಯುತ್ತಿತ್ತು.

ಈ ಕಾಯುವಿಕೆಯ ಹಿಂದಿನ ಜೀನುಗಳು ಸಿಕ್ಕಿದ್ದು ಬ್ರೆಡ್ಡಿನ ಯೀಸ್ಟಿನಲ್ಲಿ, 1991ರಲ್ಲಿ. ಆಂಡಿ ಹಾಯ್ಟ್ ಗುಂಪು ಒಂದು ಕಡೆ, ರಾಂಗ್ ಲಿ ಮತ್ತು ಆಂಡ್ರೂ ಮರ್ರಿ ಇನ್ನೊಂದು ಕಡೆ, ಕದಿರೆಳೆ ಕೆಟ್ಟರೂ ಕಾಯದೆ ಮುನ್ನುಗ್ಗಿ ಸಾಯುವ ಯೀಸ್ಟುಗಳನ್ನು ಹೆಕ್ಕಿದರು. ಹೆಕ್ಕಲು ಬಳಸಿದ್ದು ಬೆನೊಮಿಲ್, ಕಾರ್ಬೆಂಡಜಿಮ್ ಕುಟುಂಬದ ಅದೇ ಶಿಲೀಂಧ್ರನಾಶಕ. ಗೊಬ್ಬರದಂಗಡಿಯ ಪೊಟ್ಟಣಕ್ಕೂ ಕೋಶವಿಜ್ಞಾನದ ಈ ದೊಡ್ಡ ಶೋಧಕ್ಕೂ ಇರುವ ನಂಟು ಇಷ್ಟು ಹತ್ತಿರದ್ದು.

ಇನ್ನು ಅಂಟು. 1997ರಲ್ಲಿ ವಿಯೆನ್ನಾದ ಕಿಮ್ ನಾಸ್ಮಿತ್ ಗುಂಪೂ ಅಮೆರಿಕದ ಡಗ್ ಕೊಶ್ಲಂಡ್ ಗುಂಪೂ ಎರಡು ಪ್ರತಿಗಳನ್ನು ಒಟ್ಟಿಗೆ ಹಿಡಿದಿಡುವ ಪ್ರೋಟೀನ್ ಗುರುತಿಸಿದವು. ಕೊಹೆಸಿನ್ ಎಂದು ಹೆಸರಾದ ಇದು ಉಂಗುರದ ಆಕಾರದ್ದು. 1999ರಲ್ಲಿ ಫ್ರಾಂಕ್ ಉಲ್‌ಮನ್ ಮತ್ತು ನಾಸ್ಮಿತ್, ಆ ಉಂಗುರದ ಒಂದು ಭಾಗ ತುಂಡಾದ ಗಳಿಗೆಗೇ ಪ್ರತಿಗಳು ಬೇರ್ಪಡುತ್ತವೆಂದು ತೋರಿಸಿದರು. ತುಂಡರಿಸುವ ಕಿಣ್ವದ ಹೆಸರು ಸೆಪರೇಸ್. ಕೊನೆಯ ವರ್ಣತಂತುವೂ ಎರಡೂ ಕಡೆಯಿಂದ ಬಿಗಿಯಾಗುವ ತನಕ ಕೋಶ ಅದನ್ನು ಕಟ್ಟಿಹಾಕಿರುತ್ತದೆ. ಬಿಗಿಯಾಯಿತೋ, ಕಟ್ಟು ಬಿಚ್ಚುತ್ತದೆ.

ಈ ಉಂಗುರಗಳ ಆಯಸ್ಸು ಹೆಂಗಸರ ಅಂಡಾಣುವಿನಲ್ಲಿ ದೊಡ್ಡ ಸಮಸ್ಯೆ. ಹೆಣ್ಣುಮಗು ಹುಟ್ಟುವ ಮೊದಲೇ ಅದರ ಅಂಡಾಣುಗಳಲ್ಲಿ ಜೋಡಿಗಳು ಕಟ್ಟಿಕೊಂಡು ನಿಂತಿರುತ್ತವೆ, ಬೇರ್ಪಡುವುದು ಇಪ್ಪತ್ತು ವರ್ಷವೋ ನಲವತ್ತು ವರ್ಷವೋ ಕಳೆದ ಮೇಲೆ. ಅಷ್ಟು ಕಾಲ ಆ ಉಂಗುರಗಳನ್ನು ಹೊಸದಾಗಿ ತೊಡಿಸುವ ವ್ಯವಸ್ಥೆ ಇಲ್ಲದಿರುವುದು ಇಲಿಗಳ ಪ್ರಯೋಗಗಳಿಂದ ಕಂಡುಬಂದಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೇ ವರ್ಣತಂತು ಮೂರು ಇರುವುದನ್ನು 1959ರಲ್ಲಿ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ಪ್ರಕಟಿಸಿದರು. ತಾಯಿಯ ವಯಸ್ಸು ಏರಿದಂತೆ ಸಂಭವ ಹೆಚ್ಚುವುದಕ್ಕೆ ಒಂದು ಕಾರಣ ಈ ಸವೆದ ಉಂಗುರಗಳಲ್ಲಿದೆ. ಹೆಂಗಸಿನ ನಡತೆ, ಗ್ರಹಣ, ಬಸುರಿಯಲ್ಲಿ ತಿಂದದ್ದು ಎಂದೆಲ್ಲ ನಮ್ಮ ಮನೆಗಳಲ್ಲಿ ಹೊರಿಸುವ ಆಪಾದನೆಗಳಿಗೆ ಯಾವ ಆಧಾರವೂ ಇಲ್ಲ.

ಮನುಷ್ಯನಿಗೆ ಒಂದು ವರ್ಣತಂತು ಹೆಚ್ಚಾದರೂ ಕಷ್ಟ. ಗಿಡಗಳದು ಬೇರೆಯೇ ಜಾಡು. ಇಡೀ ಕಂತೆಯೇ ಹೆಚ್ಚಾದರೂ ಅವು ತಡೆದುಕೊಳ್ಳುತ್ತವೆ, ಎಷ್ಟೋ ಸಲ ಹುಲುಸಾಗಿ ಬೆಳೆಯುತ್ತವೆ. ಬೇರೆ ಬೇರೆ ಜಾತಿಯ ಎರಡು ಗಿಡ ಕೂಡಿದಾಗ ಹುಟ್ಟುವ ಮಿಶ್ರತಳಿಯಲ್ಲಿ ಜೋಡಿಯಾಗಲು ಸಂಗಾತಿಯಿಲ್ಲದೆ ವರ್ಣತಂತುಗಳು ದಿಕ್ಕುತಪ್ಪುತ್ತವೆ, ಬೀಜ ಕಟ್ಟುವುದಿಲ್ಲ. ಎಲ್ಲೋ ಒಮ್ಮೆ ಹಂಚಿಕೆ ವಿಫಲವಾಗಿ ಕಂತೆ ದುಪ್ಪಟ್ಟಾದರೆ, ಪ್ರತಿಯೊಂದಕ್ಕೂ ತನ್ನಂಥದೇ ಒಂದು ಜೊತೆ ಸಿಕ್ಕಿ ಬೀಜ ಬಲಿಯುತ್ತದೆ. ಹೀಗಾಗಬಹುದೆಂದು 1917ರಲ್ಲಿ ಡೆನ್ಮಾರ್ಕಿನ ಓಜ್ವಿಂದ್ ವಿಂಗೆ ಊಹಿಸಿದ್ದ. 1925ರಲ್ಲಿ ಕ್ಯಾಲಿಫೋರ್ನಿಯದ ಕ್ಲಾಸೆನ್ ಮತ್ತು ಗುಡ್‌ಸ್ಪೀಡ್ ಅದನ್ನು ಕಣ್ಣಾರೆ ಕಂಡರು, ಅದೂ ಹೊಗೆಸೊಪ್ಪಿನಲ್ಲಿ. 48 ವರ್ಣತಂತುಗಳ ಹೊಗೆಸೊಪ್ಪನ್ನು 24 ಇರುವ ಕಾಡು ನಿಕೋಟಿಯಾನ ಗ್ಲುಟಿನೋಸದ ಜೊತೆ ಕೂಡಿಸಿದಾಗ 72 ಇರುವ, ಬೀಜ ಬಿಡುವ ಹೊಸ ಗಿಡ ಸಿಕ್ಕಿತು. ಆ ಕಾಡುಗಿಡದಲ್ಲಿದ್ದ ಮೊಸಾಯಿಕ್ ರೋಗ ನಿರೋಧಕ ಗುಣ ಮುಂದೆ ಬೇಸಾಯದ ತಳಿಗಳಿಗೆ ಇಳಿದುಬಂತು. ಹೊಗೆಸೊಪ್ಪು ತಾನೇ ಹೀಗೆ ಎರಡು ಕಾಡುಜಾತಿ ಕೂಡಿ ಹುಟ್ಟಿದ್ದು.

ರಾಗಿಯದೂ ಇದೇ ಹುಟ್ಟು. 36ರಲ್ಲಿ 18 ಬಂದದ್ದು ಆಗಲೇ ಹೇಳಿದ ಕಳೆಹುಲ್ಲು ಎಲ್ಯುಸೀನ್ ಇಂಡಿಕದ ಕಡೆಯಿಂದ. ಉಳಿದ 18 ಕೊಟ್ಟ ಗಿಡ ಇಂದಿಗೂ ಸಿಕ್ಕಿಲ್ಲ. ಕುಂಟೆ ಹೊಡೆದು, ಕೈಯಲ್ಲಿ ಕಿತ್ತು ಬದುವಿಗೆಸೆಯುವ ಹುಲ್ಲು ರಾಗಿಯ ಹೆತ್ತವರಲ್ಲೊಂದು! ರಾಗಿಯ ಕೋಶ ಈ ಎರಡು ಕಡೆಯ ವರ್ಣತಂತುಗಳನ್ನು ಎಂದೂ ಬೆರೆಸುವುದಿಲ್ಲ, ಪರಾಗ ಕಟ್ಟುವಾಗ ಅಚ್ಚುಕಟ್ಟಾಗಿ 18 ಜೋಡಿಗಳಾಗುತ್ತವೆ. ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಲೆಕ್ಕ ಒಂದೇ, ಜೋಡಿಯಾಗುವುದೂ ಸಲೀಸು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿವಿಜ್ಞಾನಿ ಇವೆರಡನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಹೊರತರಲು ಆದದ್ದು ಈ ಹೊಂದಾಣಿಕೆಯಿಂದ. ಕಷ್ಟ ಇದ್ದದ್ದು ಬೇರೆ ಕಡೆ: ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು, ತನ್ನ ಪರಾಗದಿಂದಲೇ ಬಸಿರಾಗುವಂಥದು. ಅದನ್ನು ಬೇರೆ ತಳಿಯೊಂದಿಗೆ ಕೂಡಿಸುವುದೇ ಒಂದು ತಪಸ್ಸು. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ತಂಡದವರು ಎಂಎಲ್-365 ತಳಿಯ ಜೀನೋಮನ್ನು ಪ್ರಕಟಿಸಿದರು.

ಆಲೂಗಡ್ಡೆ ಇದಕ್ಕೆ ಉಲ್ಟಾ. ಅದರ ನಾಲ್ಕು ಕಂತೆಗಳೂ ಒಂದೇ ಮನೆತನದವು. ಯಾವುದು ಯಾವುದರ ಜೊತೆ ಜೋಡಿಯಾಗಬೇಕೆಂಬ ಕಟ್ಟಳೆಯಿಲ್ಲ, ಕೆಲವೊಮ್ಮೆ ನಾಲ್ಕೂ ಒಟ್ಟಿಗೆ ತೆಕ್ಕೆ ಹಾಕಿಕೊಳ್ಳುತ್ತವೆ. ಅದರಿಂದ ಬೀಜದ ಪೈರಿನಲ್ಲಿ ಒಂದು ಗಿಡದಂತೆ ಇನ್ನೊಂದಿರುವುದಿಲ್ಲ. ಬೀಜ ಬಿಟ್ಟು ಗೆಡ್ಡೆ ನೆಡುವುದಕ್ಕೆ, ಪ್ರತಿವರ್ಷ ಜಲಂಧರದ ಕಡೆಯಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಹಾಸನದ ಎಪಿಎಂಸಿಗೆ ಬರುವುದಕ್ಕೆ ಇದೂ ಒಂದು ಕಾರಣ. ಗೆಡ್ಡೆ ಬೆಳೆಯುವುದು ಬರೀ ಮೈಟೋಸಿಸ್‌ನಿಂದ, ಹಾಗಾಗಿ ತಳಿ ಕದಲುವುದಿಲ್ಲ. ವೈರಸ್ಸು ಸೇರಿದರೆ ಅದೂ ಕದಲುವುದಿಲ್ಲ ಎಂಬುದು ಇದರ ಇನ್ನೊಂದು ಮುಖ. 24 ವರ್ಣತಂತುಗಳ ಕಾಡು ಆಲೂಗಡ್ಡೆಯಿಂದ 48ರದು ಹೇಗೆ ಬಂತೆಂಬುದಕ್ಕೆ 1975ರಲ್ಲಿ ವಿಸ್ಕಾನ್ಸಿನ್ನಿನ ಮೋಕ್ ಮತ್ತು ಪೆಲೊಕ್ವಿನ್ ಕೊಟ್ಟ ವಿವರಣೆ ಬಲು ಚೆಂದ. ಪರಾಗ ಕಟ್ಟುವ ಎರಡನೆಯ ವಿಭಜನೆಯಲ್ಲಿ ಎರಡು ಕದಿರುಗಳು ಒಂದಕ್ಕೊಂದು ಓರೆಯಾಗಿ ನಿಲ್ಲಬೇಕು. ಕೆಲವು ಗಿಡಗಳಲ್ಲಿ ಅವು ಅಕ್ಕಪಕ್ಕ ಸಮಾಂತರವಾಗಿ ನಿಲ್ಲುತ್ತವೆ. ಒಂದೇ ಮಗ್ಗುಲಿಗೆ ಬಂದ ಎರಡು ಪಾಲು ಒಂದಾಗಿ, ಅರ್ಧವಾಗಬೇಕಾದ ಪರಾಗದಲ್ಲಿ ಪೂರ್ತಿ ಕಂತೆ ಉಳಿಯುತ್ತದೆ. ಕದಿರು ನಿಂತ ಕೋನ ತಪ್ಪಿದ್ದಷ್ಟೇ.

ಕಬ್ಬಿನದು ಇನ್ನೂ ವಿಚಿತ್ರ ಲೆಕ್ಕ. ಚನ್ನರಾಯಪಟ್ಟಣದ ಶ್ರೀನಿವಾಸಪುರದ ಹೇಮಾವತಿ ಸಕ್ಕರೆ ಕಾರ್ಖಾನೆಯಲ್ಲಿ ಅರೆಯುವಂಥ ತಳಿಗಳ ಮೂಲ ರಸಗಬ್ಬು ಮತ್ತು ಕಾಡುಕಬ್ಬಿನ ಕೂಡಿಕೆ. ರಸಗಬ್ಬಿನಲ್ಲಿ 80, ಕೊಯಮತ್ತೂರಿನ ಕಾಡುಕಬ್ಬಿನಲ್ಲಿ 64. ಅರ್ಧರ್ಧ ಸೇರಿದರೆ 72 ಆಗಬೇಕು. ತಾಯಿ ರಸಗಬ್ಬು ತನ್ನ 80ನ್ನೂ ಪೂರ್ತಿ ಕೊಡುವುದರಿಂದ 112 ಆಗುತ್ತದೆ. ಜಾವಾದಲ್ಲಿ ಬ್ರೆಮರ್ 1920ರ ದಶಕದಲ್ಲಿ ಇದನ್ನು ಗುರುತಿಸಿದ. ಕೊಯಮತ್ತೂರಿನ ಕಬ್ಬು ಸಂಶೋಧನಾ ಕೇಂದ್ರದಲ್ಲಿ ಕಬ್ಬಿನ ವರ್ಣತಂತುಗಳ ಮೇಲೆ ಕೆಲಸ ಮಾಡಿದ ತಲಶ್ಶೇರಿಯ ಇ.ಕೆ. ಜಾನಕಿ ಅಮ್ಮಾಳ್, 1945ರಲ್ಲಿ ಸಿ.ಡಿ. ಡಾರ್ಲಿಂಗ್ಟನ್ ಜೊತೆ ಬೇಸಾಯದ ಗಿಡಗಳ ವರ್ಣತಂತುಗಳ ಅಟ್ಲಾಸ್ ಹೊರತಂದರು. ಪಚ್ಚಬಾಳೆಯಲ್ಲಿ ಮೂರು ಕಂತೆ, 33. ಮೂರನ್ನು ಎರಡು ಕಡೆಗೆ ಸಮನಾಗಿ ಹಂಚಲಾಗದು. ಅದರಲ್ಲಿ ಬೀಜ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಎಲ್ಲಿ ಹಿಡಿದು ಎಳೆಯುತ್ತದೆ ಎಂಬ ಉಳಿದ ಪ್ರಶ್ನೆಗೆ ಬರೋಣ. ವರ್ಣತಂತುವಿನಲ್ಲಿ ಸೊಂಟದಂತೆ ಕಿರಿದಾದ ಜಾಗ ಸೆಂಟ್ರೊಮಿಯರ್. ಅದರ ಮೇಲೆ ಹತ್ತಾರು ಪ್ರೋಟೀನುಗಳು ಸೇರಿ ಕೈನೆಟೊಕೋರ್ ಎಂಬ ಹಿಡಿಕೆ ಕಟ್ಟುತ್ತವೆ, ಕದಿರೆಳೆ ಅಂಟುವುದು ಅದಕ್ಕೆ. 1980ರಲ್ಲಿ ಲೂಯಿಸ್ ಕ್ಲಾರ್ಕ್ ಮತ್ತು ಜಾನ್ ಕಾರ್ಬನ್ ಯೀಸ್ಟಿನ ಸೆಂಟ್ರೊಮಿಯರನ್ನು ಬೇರ್ಪಡಿಸಿದರು. ಅದು ಬರೀ 125 ಅಕ್ಷರಗಳಷ್ಟು ಉದ್ದದ ಡಿಎನ್‌ಎ. ಇನ್ನು ಎಲ್ಲ ಜೀವಿಗಳಲ್ಲೂ ಇದೇ ಸಿಗುತ್ತದೆಂಬ ಹುಮ್ಮಸ್ಸು ಹೆಚ್ಚು ದಿನ ಬಾಳಲಿಲ್ಲ. ಮನುಷ್ಯನಲ್ಲಿ 171 ಅಕ್ಷರಗಳ ತುಣುಕು ಸಾವಿರಾರು ಸಲ ಮರುಕಳಿಸುತ್ತ ಲಕ್ಷಗಟ್ಟಲೆ ಅಕ್ಷರ ಹಬ್ಬಿದೆ. 1985ರಲ್ಲಿ ಬಿಲ್ ಅರ್ನ್‌ಶಾ ಮತ್ತು ನಯೋಮಿ ರಾಥ್‌ಫೀಲ್ಡ್, ಚರ್ಮ ಗಟ್ಟಿಯಾಗುವ ಸ್ಕ್ಲೆರೋಡರ್ಮ ರೋಗಿಗಳ ರಕ್ತದಲ್ಲಿದ್ದ ಪ್ರತಿಕಾಯಗಳನ್ನು ಬಳಸಿ ಸೆಂಟ್ರೊಮಿಯರಿನ ಪ್ರೋಟೀನುಗಳನ್ನು ಗುರುತಿಸಿದರು. ಅವುಗಳಲ್ಲಿ ಒಂದಾದ ಸೆನ್ಪ್-ಎ ಕುಳಿತ ಜಾಗವೇ ಸೆಂಟ್ರೊಮಿಯರ್, ಅಲ್ಲಿನ ಅಕ್ಷರಗಳು ಏನೇ ಇರಲಿ ಎಂಬ ಅಭಿಪ್ರಾಯ ಮೆಲ್ಲಗೆ ಬಲಗೊಂಡಿತು.

ಅದನ್ನು ಬಲಪಡಿಸಿದವರಲ್ಲಿ ಕೌಸ್ತುಭ್ ಸನ್ಯಾಲ್ ಒಬ್ಬರು. 2004ರಲ್ಲಿ ಅವರು ಕಾರ್ಬನ್ ಜೊತೆ ಕ್ಯಾಂಡಿಡ ಎಂಬ ಶಿಲೀಂಧ್ರದ ಎಂಟು ವರ್ಣತಂತುಗಳ ಸೆಂಟ್ರೊಮಿಯರುಗಳಲ್ಲಿ ಒಂದರ ಅಕ್ಷರ ಇನ್ನೊಂದಕ್ಕಿಲ್ಲವೆಂದು ತೋರಿಸಿದರು. ಆಮೇಲೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರ ಪ್ರಯೋಗಾಲಯ ಬಗೆಬಗೆಯ ಶಿಲೀಂಧ್ರಗಳನ್ನು ಹೀಗೆ ಶೋಧಿಸಿತು. ಅವುಗಳಲ್ಲಿ ನಮಗೆ ಹತ್ತಿರದ್ದು ಬೆಂಕಿ ರೋಗದ ಶಿಲೀಂಧ್ರ. ಹೊಳೆನರಸೀಪುರದ ಭತ್ತದ ಗರಿಯ ಮೇಲೆ ಕದಿರಾಕಾರದ ಕಲೆ ಮೂಡಿಸಿ, ಕುತ್ತಿಗೆಗೆ ಬಿದ್ದರೆ ತೆನೆಯನ್ನೇ ಜೊಳ್ಳು ಮಾಡುವುದು, ರಾಗಿಯ ತೆನೆಯ ಬೆರಳುಗಳನ್ನು ಸುಡುವುದು, ಎರಡೂ ಅದೇ ಜಾತಿಯ ಶಿಲೀಂಧ್ರ. 2019ರಲ್ಲಿ ಸನ್ಯಾಲ್ ತಂಡ, ಸಿಂಗಪುರದ ನವೀದ್ ನಖ್ವಿ ಮೊದಲಾದವರ ಜೊತೆ, ಅದರ ಏಳೂ ವರ್ಣತಂತುಗಳ ಸೆಂಟ್ರೊಮಿಯರುಗಳನ್ನು ಗುರುತಿಸಿತು. 57 ಸಾವಿರದಿಂದ 109 ಸಾವಿರ ಅಕ್ಷರಗಳ ತನಕ ಅವುಗಳ ಉದ್ದ. ಆಲೂಗಡ್ಡೆಯಲ್ಲೂ ಇಂಥದೇ ಅಚ್ಚರಿ ಕಾದಿತ್ತು. 2012ರಲ್ಲಿ ಜಿಮಿಂಗ್ ಜಿಯಾಂಗ್ ಗುಂಪು ನೋಡಿದಾಗ ಅದರ 12 ಬಗೆಯ ವರ್ಣತಂತುಗಳಲ್ಲಿ ಐದರ ಸೆಂಟ್ರೊಮಿಯರಿನಲ್ಲಿ ಮರುಕಳಿಸುವ ತುಣುಕೇ ಇರಲಿಲ್ಲ. ಆರರಲ್ಲಿ ಭಾರಿ ಉದ್ದದ ತುಣುಕುಸಾಲುಗಳು, ಅವೂ ಒಂದೊಂದಕ್ಕೆ ಒಂದೊಂದು ಥರ. ಒಂದೇ ಗಿಡ, ಒಂದೇ ಕೋಶ! ಇಷ್ಟು ಜತನದಿಂದ ನಡೆಯಬೇಕಾದ ಕೆಲಸದ ಹಿಡಿಕೆಯೇ ಇಷ್ಟು ಬೇಗ ಬದಲಾಗುವುದೇಕೆ ಎಂಬುದು ಈ ಕ್ಷೇತ್ರದ ದೊಡ್ಡ ಒಗಟು.

ಹಿಪ್ಪುನೇರಳೆ ತೋಟಕ್ಕೆ ಹೋದರೆ ಈ ‘ಜಾಗ’ದ ಕಲ್ಪನೆಯೇ ಅಲುಗಾಡುತ್ತದೆ. ರೇಷ್ಮೆಹುಳುವಿನ ವರ್ಣತಂತುವಿಗೆ ಸೊಂಟವಿಲ್ಲ. ಕದಿರೆಳೆಗಳು ಅದರ ಮೈಯುದ್ದಕ್ಕೂ ಅಂಟುತ್ತವೆ. 2014ರಲ್ಲಿ ಇನೆಸ್ ಡ್ರಿನ್ನೆನ್‌ಬರ್ಗ್ ಮತ್ತು ಸಂಗಡಿಗರು, ಹೀಗಿರುವ ಚಿಟ್ಟೆ, ಪತಂಗ, ತಿಗಣೆ, ಏರೋಪ್ಲೇನ್ ಚಿಟ್ಟೆ ಮುಂತಾದ ಗುಂಪುಗಳಲ್ಲಿ ಸೆನ್ಪ್-ಎ ಪ್ರೋಟೀನೇ ಕಳೆದುಹೋಗಿದೆ ಎಂದು ಪ್ರಕಟಿಸಿದರು. ಸೆಂಟ್ರೊಮಿಯರಿನ ಗುರುತೇ ಅದು ಎಂದು ನಂಬಿದ್ದವರಿಗೆ ಇದು ಸಣ್ಣ ಏಟಲ್ಲ.

ಅದೇ ತೋಟದಲ್ಲಿ ಕುಡಿ ಮುರುಟಿಸಿ ತುಕ್ರ ರೋಗ ತರುವ ಹಿಟ್ಟುತಿಗಣೆಯ ಬಳಗದ್ದೂ ಇದೇ ಬಗೆಯ ವರ್ಣತಂತು. 1941ರಲ್ಲಿ ಸ್ಯಾಲಿ ಹ್ಯೂಸ್-ಶ್ರೇಡರ್ ಮತ್ತು ಹಾನ್ಸ್ ರಿಸ್ ಈ ಬಳಗದ ಕೀಟಗಳ ವರ್ಣತಂತುಗಳನ್ನು ಎಕ್ಸ್-ರೇಯಿಂದ ತುಂಡು ಮಾಡಿ ನೋಡಿದರು. ತುಂಡುಗಳೂ ಅನಾಥವಾಗದೆ ತಾವಾಗಿ ಎರಡೂ ಕಡೆಗೆ ಹಂಚಿಹೋದವು. ಇವುಗಳಲ್ಲಿ ಲೈಂಗಿಕ ಕೋಶದ ವಿಭಜನೆ ತಿರುವುಮುರುವು. ಬೇರೆ ಜೀವಿಗಳು ಮೊದಲು ತಂದೆತಾಯಿಯ ಜೊತೆಗಳನ್ನು ಬೇರ್ಪಡಿಸಿ, ಆಮೇಲೆ ಪ್ರತಿಗಳನ್ನು ಬೇರ್ಪಡಿಸಿದರೆ, ಇವು ಪ್ರತಿಗಳನ್ನೇ ಮೊದಲು ಬಿಡಿಸುತ್ತವೆ. ಹಿಟ್ಟುತಿಗಣೆಯ ಮೂರು ಕಂತೆಗಳ ಹೆಣ್ಣುಗಳಲ್ಲಿ ಈ ಕ್ರಮವನ್ನು ಬಿಡಿಸಿಟ್ಟ 1962ರ ಪ್ರಬಂಧ ಎಚ್. ಶರತ್ ಚಂದ್ರ ಅವರದು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತಳಿವಿಜ್ಞಾನವನ್ನು ಬೆಳೆಸಿದರು. ಗಂಡು ಹಿಟ್ಟುತಿಗಣೆಯಲ್ಲಿ ತಂದೆಯಿಂದ ಬಂದ ಇಡೀ ಕಂತೆ ಭ್ರೂಣದಲ್ಲೇ ಮುದುಡಿ ಸುಮ್ಮನಾಗುತ್ತದೆ, ಮುಂದಿನ ಪೀಳಿಗೆಗೆ ಅದು ಹೋಗುವುದೂ ಇಲ್ಲ. ಈ ವಿಚಿತ್ರದಿಂದ ಹೊಳೆದ ಆಲೋಚನೆಗಳನ್ನೇ ಸ್ಪೆನ್ಸರ್ ಬ್ರೌನ್ ಮತ್ತು ಶರತ್ ಚಂದ್ರ 1973ರಲ್ಲಿ ಸಸ್ತನಿಗಳ ಎಕ್ಸ್ ವರ್ಣತಂತು ಒಂದು ಸುಮ್ಮನಾಗುವ ಬಗೆಗೆ ಅನ್ವಯಿಸಿದರು. ಔಷಧಿ ಹೊಡೆದು ಸಾಯಿಸುವ ಬಿಳಿ ಹುಳುವಿನಿಂದ ಮನುಷ್ಯಜಾತಿಯ ಬಗ್ಗೆ ಒಂದು ಸಿದ್ಧಾಂತ!

ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ್ದು ಬೇರೆ ದಾರಿ. ಎಚ್.ಎ. ರಂಗನಾಥ್, ಎನ್.ಬಿ. ರಾಮಚಂದ್ರ ಮೊದಲಾದವರು ಡ್ರೊಸೊಫಿಲ ನಸೂಟ ಮತ್ತು ಆಲ್ಬೊಮಿಕಾನ್ಸ್ ಎಂಬ ಎರಡು ನೊಣಗಳನ್ನು ಕೂಡಿಸಿದರು. ಒಂದರಲ್ಲಿ 8 ವರ್ಣತಂತು, ಇನ್ನೊಂದರಲ್ಲಿ ಎರಡೆರಡು ಬೆಸೆದುಹೋಗಿ 6. ಒಂದು ಬೆಸೆದ ವರ್ಣತಂತುವಿನ ಎದುರು ಎರಡು ಬಿಡಿ ನಿಂತರೆ ಹಂಚಿಕೆ ಕೆಡಬೇಕಲ್ಲವೇ? ಹಾಗಾಗದೆ ಸಂತಾನ ನಡೆಯಿತು. ತಲೆಮಾರುಗಳು ಕಳೆದಂತೆ ಹೊಸ ಜೋಡಣೆಯ ವರ್ಣತಂತುಗಳಿರುವ ತಳಿಗಳೇ ಪ್ರಯೋಗಾಲಯದಲ್ಲಿ ನೆಲೆನಿಂತವು. ಬೆಸೆಯುವುದರ ಪರಾಕಾಷ್ಠೆ ನೋಡಬೇಕಾದರೆ ಬಿಸಿಲೆ ಕಾಡಿನ ಕಾಡುಕುರಿ ಇದೆ: ಹೆಣ್ಣಿಗೆ 6, ಗಂಡಿಗೆ 7 ವರ್ಣತಂತು, ಸಸ್ತನಿಗಳಲ್ಲೇ ಅತಿ ಕಡಿಮೆ. ಇಷ್ಟು ಕಡಿಮೆ, ಇಷ್ಟು ದೊಡ್ಡ ವರ್ಣತಂತು ಸೂಕ್ಷ್ಮದರ್ಶಕದಡಿ ನೋಡಲು ಸಲೀಸಾದ್ದರಿಂದ ಕಾಡುಕುರಿಯ ಚರ್ಮದ ಕೋಶಗಳು ಈಗ ಯುರೋಪಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ.

ಅರಿತದ್ದನ್ನು ಕೈಗೆತ್ತಿಕೊಂಡು ತಿದ್ದುವ ಕಾಲ ಶುರುವಾಗಿದೆ. 2010ರಲ್ಲಿ ಮಾರುತಾಚಲಂ ರವಿ ಮತ್ತು ಸೈಮನ್ ಚಾನ್, ಅರಬಿಡಾಪ್ಸಿಸ್ ಗಿಡದ ಸೆನ್ಪ್-ಎಯನ್ನು ತಿದ್ದಿ ಬೇರೆ ಗಿಡದೊಂದಿಗೆ ಕೂಡಿಸಿದರು. ತಿದ್ದಿದ ಕಡೆಯ ವರ್ಣತಂತುಗಳೆಲ್ಲ ಮೊದಲ ಕೆಲವು ವಿಭಜನೆಗಳಲ್ಲೇ ಉದುರಿಹೋಗಿ, ಒಂದೇ ಕಂತೆಯ ಸಸಿ ಉಳಿಯಿತು. ಅದನ್ನು ಕೊಲ್ಚಿಸಿನ್‌ನಿಂದ ದುಪ್ಪಟ್ಟು ಮಾಡಿದರೆ ಹತ್ತು ತಲೆಮಾರಿನ ತಳಿಶುದ್ಧಿ ಒಂದೇ ಏಟಿಗೆ ಮುಗಿಯುತ್ತದೆ. 2009ರಲ್ಲಿ ಫ್ರಾನ್ಸಿನ ರಫಾಯೆಲ್ ಮರ್ಸಿಯೇ ಗುಂಪು ಮೂರು ಜೀನುಗಳನ್ನು ಕೆಡಿಸಿ ಲೈಂಗಿಕ ಕೋಶದ ವಿಭಜನೆಯನ್ನು ಸಾಧಾರಣ ಮೈಟೋಸಿಸ್ ಆಗಿ ಮಾರ್ಪಡಿಸಿತು. ಆ ಮೂರರಲ್ಲಿ ಒಂದು ಕೊಹೆಸಿನ್ ಉಂಗುರದ ಭಾಗವೇ. ಭತ್ತದಲ್ಲಿ ಇದಕ್ಕೆ ಇನ್ನೊಂದು ಜೀನು ಸೇರಿಸಿ, 2022ರ ಹೊತ್ತಿಗೆ ಹೈಬ್ರಿಡ್ ಗಿಡದ ಬೀಜಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ತಾಯಿಯ ತದ್ರೂಪೇ ಆಗುವಂತೆ ಮಾಡಿದ್ದಾರೆ. ಹೈಬ್ರಿಡ್ ಭತ್ತದ ಬೀಜವನ್ನು ರೈತ ತಾನೇ ಎತ್ತಿಟ್ಟು ಮುಂದಿನ ವರ್ಷ ಬಿತ್ತಬಹುದಾದ ಸಾಧ್ಯತೆ ಇದು. 2024ರಲ್ಲಿ ಟೊಮ್ಯಾಟೊದಲ್ಲಿ ಹೀಗೆ ಅರ್ಧವಾಗದ ಎರಡು ಲಿಂಗಾಣುಗಳನ್ನು ಕೂಡಿಸಿ, ನಾಲ್ಕು ಅಜ್ಜ ಅಜ್ಜಿಯರ ಕಂತೆಗಳೂ ಪೂರ್ತಿ ಇರುವ ಗಿಡ ಪಡೆದಿದ್ದಾರೆ. ಟೊಮ್ಯಾಟೊದ ಒಡಹುಟ್ಟಿನಂಥ, ನಾಲ್ಕು ಕಂತೆಗಳ ಆಲೂಗಡ್ಡೆಗೆ ಇದನ್ನು ತರುವುದು ಸಹಜವಾದ ಮುಂದಿನ ಹೆಜ್ಜೆ. ರಾಗಿಯ ಸರದಿ ತಡವಾಗಬಹುದು. ಹೂವನ್ನು ಕೂಡಿಸುವುದೇ ಕಷ್ಟವಾದ್ದರಿಂದ ಅದರಲ್ಲಿ ರೈತರ ಕೈಗೆ ಹೈಬ್ರಿಡ್ ಬೀಜವೇ ಇನ್ನೂ ಬಂದಿಲ್ಲ.